ಪಿಚರ್‌ಗಳ ಮೊಣಕೈ ಉಳಿಸಲು ಬೇಸ್‌ಬಾಲ್ ನಿಯಮ ಬದಲಾಗಬೇಕೇ?

ಪರ: ಬದಲಾಗಲೇಬೇಕು

1974ರಲ್ಲಿ ಲಾಸ್ ಏಂಜಲೀಸ್‌ನ ಡಾ. ಫ್ರಾಂಕ್ ಜೋಬ್ ಒಂದು ಹೊಸ ಆಪರೇಷನ್ ಮಾಡಿದರು. ಡಾಡ್ಜರ್ಸ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ಟಾಮಿ ಜಾನ್‌ಗೆ ಎಡ ಮೊಣಕೈಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದಿತ್ತು. ಮೂಳೆಗೆ ತೂತು ಕೊರೆದು, ಅವರದೇ ಬಲಗೈಯಿಂದ ತೆಗೆದ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಅನ್ನು ಅದರೊಳಗೆ ಪೋಣಿಸಿ ಬಿಗಿದರು. ಆಟಗಾರ ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಡಾಕ್ಟರೇ ಅಂದುಕೊಂಡಿದ್ದರು.

ಈಗ ಅದು ಮಾಮೂಲಿ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್, ಅದರ ಕೆಳಗಿನ ಮೈನರ್ ಲೀಗ್ ಎರಡೂ ಸೇರಿ 2010ರಲ್ಲಿ ಇಂಥ ಆಪರೇಷನ್ 104 ಆಗಿದ್ದವು. 2020ರಲ್ಲಿ 314! ಈ ನಡುವೆ ಏನು ಬದಲಾಯಿತು? ವೇಗ. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ (ಪಿಚರ್‌ನ ಅತಿ ವೇಗದ ಎಸೆತ) ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇತ್ತು, 2024ರಲ್ಲಿ 94.2 ಆಯಿತು. ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವುದೇ ಮುಖ್ಯ ಕಾರಣ ಅಂತ 2024ರ ಡಿಸೆಂಬರ್‌ನಲ್ಲಿ ಲೀಗ್‌ನ ವರದಿಯೇ ಹೇಳಿತು.

ಪಿಚರ್ ಯಾಕೆ ಬಲ ಉಳಿಸಿಕೊಳ್ಳಬೇಕು ಹೇಳಿ? 26 ಜನರ ತಂಡದಲ್ಲಿ 13 ಪಿಚರ್‌ಗಳಿಗೆ ಅವಕಾಶವಿದೆ. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಐದು ಇನ್ನಿಂಗ್ಸ್ ಜೀವ ಬಿಟ್ಟು ಎಸೆದರೆ ಸಾಕು, ಮುಂದಿನವನು ರೆಡಿ. ಆ 13ನ್ನು 11ಕ್ಕೆ ಇಳಿಸಿ. ಏಳು ಇನ್ನಿಂಗ್ಸ್ ನಿಲ್ಲಬೇಕಾದವನು ತಾನಾಗಿಯೇ ಕೈ ಹಿಡಿದು ಎಸೆಯುತ್ತಾನೆ.

ವಿರೋಧ: ಮದ್ದು ಬೇರೆ ಕಡೆ ಹಚ್ಚಬೇಕು

ಇದು ಕಾಗದದ ಮೇಲೆ ಚೆನ್ನಾಗಿದೆ, ಅಷ್ಟೇ. ದಣಿದ ಕೈಯಿಂದ ಇನ್ನೆರಡು ಇನ್ನಿಂಗ್ಸ್ ಎಸೆಸಿದರೆ ಲಿಗಮೆಂಟ್ ಉಳಿಯುತ್ತದಾ? ದಣಿವೂ ಅದರ ಶತ್ರುವೇ ಅಲ್ವಾ? ವೇಗಕ್ಕೇ ಸಂಬಳ ಸಿಗುವವರೆಗೆ ಯಾರೂ ಮೆಲ್ಲಗೆ ಎಸೆಯುವುದಿಲ್ಲ.

ಆಪರೇಷನ್ ಅಂದರೆ ಆಟ ಮುಗಿಯಿತು ಅಂತಲೂ ಅಲ್ಲ. ಟಾಮಿ ಜಾನ್ ಆಮೇಲೆ 164 ಪಂದ್ಯ ಗೆದ್ದರು. ಜಸ್ಟಿನ್ ವರ್ಲ್ಯಾಂಡರ್ 2020ರಲ್ಲಿ ಆಪರೇಷನ್ ಮಾಡಿಸಿಕೊಂಡು, 2022ರಲ್ಲಿ 39ನೇ ವಯಸ್ಸಿಗೆ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಎಲ್ಲರೂ ಅಷ್ಟು ಅದೃಷ್ಟವಂತರಲ್ಲ, ಒಪ್ಪುತ್ತೇನೆ. ಜೇಕಬ್ ಡಿಗ್ರಾಮ್ 2010ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಆಪರೇಷನ್ ಟೇಬಲ್ ಹತ್ತಬೇಕಾಯಿತು.

ಆದರೆ ಕೈ ಸವೆಯುವುದು ಲೀಗ್‌ಗೆ ಬರುವ ಮುಂಚೆಯೇ. ಪ್ರತಿಭೆ ಹುಡುಕುವ ಸ್ಕೌಟ್‌ಗಳು ವೇಗ ಅಳೆಯುವ ರೇಡಾರ್ ಗನ್ ಹಿಡಿದು ಕೂತಾಗ ಹೈಸ್ಕೂಲ್ ಹುಡುಗ ಸುಮ್ನೆ ಎಸೆಯುತ್ತಾನಾ? 11-12 ವರ್ಷದವರು ದಿನಕ್ಕೆ 85 ಎಸೆತಕ್ಕಿಂತ ಜಾಸ್ತಿ ಎಸೆಯಬಾರದು ಎನ್ನುವ, ಮೇಜರ್ ಲೀಗ್‌ನ ‘ಪಿಚ್ ಸ್ಮಾರ್ಟ್’ ಸಲಹೆ ಈಗಾಗಲೇ ಇದೆ. ಆದರೆ ಅದು ಬರೀ ಸಲಹೆ. ಶನಿವಾರ ಒಂದು ತಂಡಕ್ಕೆ, ಭಾನುವಾರ ಇನ್ನೊಂದಕ್ಕೆ ಆಡುವ ಹುಡುಗನ ಲೆಕ್ಕ ಇಡುವವರು ಯಾರು? ಮೊದಲು ಹುಡುಗರ ಟೂರ್ನಮೆಂಟ್‌ಗಳಲ್ಲಿ ಆ ಮಿತಿಯನ್ನು ಕಡ್ಡಾಯ ಮಾಡಿ.