ಕಾಡಿನ ನಷ್ಟವನ್ನು ಬರೀ ಎಕರೆಯಲ್ಲಿ ಅಳೆಯಬೇಡಿ

ಪಶ್ಚಿಮ ಘಟ್ಟದಲ್ಲಿ ರಸ್ತೆಯೋ ವಿದ್ಯುತ್ ಲೈನೋ ಬಂದಾಗಲೆಲ್ಲ "ಹೋಗೋದು ಕೆಲವೇ ಎಕರೆ" ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಕಾಡುಹಕ್ಕಿಗಳ ಮಟ್ಟಿಗೆ ಈ ಲೆಕ್ಕವೇ ತಪ್ಪು.

ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಾಡು ಅಂದರೆ 100 ಹೆಕ್ಟೇರ್. ಬಿಸಿಲು, ಒಣಗಾಳಿ ಅಂಚಿನಿಂದ 100 ಮೀಟರ್ ಒಳನುಗ್ಗುತ್ತವೆ ಎಂದಿಟ್ಟುಕೊಳ್ಳಿ. ತಂಪಾದ ಒಳಗಾಡು ಉಳಿಯುವುದು 64 ಹೆಕ್ಟೇರ್. ನಟ್ಟನಡುವೆ ಒಂದನ್ನೊಂದು ಅಡ್ಡ ಹಾಯುವ 10 ಮೀಟರ್ ಅಗಲದ ಎರಡು ರಸ್ತೆ ಮಾಡಿ. ರಸ್ತೆಗೆ ಹೋಗುವುದು ಸುಮಾರು 2 ಹೆಕ್ಟೇರ್. ಆದರೆ ನಾಲ್ಕೂ ತುಂಡುಗಳ ಒಳಗಾಡು ಕೂಡಿಸಿದರೂ 35 ಹೆಕ್ಟೇರ್ ಮುಟ್ಟುವುದಿಲ್ಲ! 200 ಮೀಟರ್‌ಗಿಂತ ಕಿರಿದಾದ ಪಟ್ಟಿ ಎಷ್ಟೇ ಉದ್ದವಿರಲಿ, ಅದು ಪೂರ್ತಿ ಅಂಚೇ.

ಅಂಚಿನಲ್ಲಿ ತರಗೆಲೆ ಒಣಗುತ್ತದೆ, ಅದರಡಿಯ ಹುಳುಹುಪ್ಪಟೆ ಕಡಿಮೆಯಾಗುತ್ತದೆ, ಲಂಟಾನ ಹಬ್ಬುತ್ತದೆ. ಊರಿನ ನಾಯಿ, ಬೆಕ್ಕು ಸುಲಭವಾಗಿ ಗೂಡಿನವರೆಗೆ ಬರುತ್ತವೆ. ಕಾಕರಣೆ ಹಕ್ಕಿ (ಟ್ರೋಗನ್) ಕೊಳೆತು ಮೆತ್ತಗಾದ ಮೋಟುಮರವನ್ನೇ ಕೊರೆದು ಮೊಟ್ಟೆಯಿಡುತ್ತದೆ. ಅಂಥ ಮರಗಳನ್ನೆಲ್ಲ ಸೌದೆಗೆ ಸಾಗಿಸಿದ ತುಂಡುಕಾಡಿನಲ್ಲಿ ಅದಕ್ಕೆ ಸಂಸಾರ ಹೂಡಲು ಜಾಗವೆಲ್ಲಿ?

"ರೆಕ್ಕೆ ಇದೆಯಲ್ಲ, ಹಾರಿಹೋಗ್ತಾವೆ" ಅನ್ನುವವರಿದ್ದಾರೆ. ಬ್ರೆಜಿಲ್‌ನ ಮನೌಸ್ ಬಳಿ 1979ರಲ್ಲಿ ಶುರುವಾದ ಅಧ್ಯಯನದಲ್ಲಿ 1, 10, 100 ಹೆಕ್ಟೇರ್‌ಗಳ ತುಂಡುಗಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಕಾಡಿನ ಕೆಳಸ್ತರದ ಎಷ್ಟೋ ಹುಳಬಾಕ ಹಕ್ಕಿಗಳು ಕೆಲವೇ ಹತ್ತು ಮೀಟರ್ ಬಯಲನ್ನೂ ದಾಟಲು ಹಿಂಜರಿದವು, ಸಣ್ಣ ತುಂಡುಗಳಿಂದ ಬೇಗ ಕಾಣೆಯಾದವು. ಬಯಲಲ್ಲಿ ಮತ್ತೆ ಗಿಡಮರ ಬೆಳೆದ ಕಡೆ ಕೆಲವು ಮರಳಿ ಬಂದವು. ನನಗೆ ಭರವಸೆ ಕೊಡುವುದು ಇದೇ.

ದಾಸ ಮಂಗಟ್ಟೆಯ (ಹಾರ್ನ್‌ಬಿಲ್) ಕಷ್ಟ ಬೇರೆ. ಅದು ಮೈಲಿಗಟ್ಟಲೆ ಹಾರಬಲ್ಲದು. ಆದರೆ ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಪೊಟರೆಯ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡೇ ಹಣ್ಣು ತಂದು ಉಣಿಸಬೇಕು. ಪೊಟರೆ ಇದ್ದು ಸುತ್ತ ಆಲ, ಅತ್ತಿ, ಬಸರಿ ಇಲ್ಲದಿದ್ದರೆ ಮರಿ ಬದುಕುವುದು ಕಷ್ಟ. ಇವು ದೀರ್ಘಾಯುಷಿಗಳಾದ್ದರಿಂದ ಮರಿಯೇ ಆಗದಿದ್ದರೂ ವರ್ಷಗಟ್ಟಲೆ ಕಣ್ಣಿಗೆ ಬೀಳುತ್ತಿರುತ್ತವೆ. ಹಾಗಾಗಿ ಸಮೀಕ್ಷೆಯಲ್ಲಿ "ಹಕ್ಕಿ ಕಂಡಿದೆ" ಎಂದು ಬರೆದರೆ ಸಾಲದು, ಬೇಸಿಗೆಯಲ್ಲಿ ಎಷ್ಟು ಗೂಡಿನಿಂದ ಮರಿ ಹೊರಬಂತು ಎಂದು ನೋಡಬೇಕು. ಮಂಗಟ್ಟೆ ಕಡಿಮೆಯಾದರೆ ರಾಮಪತ್ರೆಯಂಥ ದೊಡ್ಡ ಬೀಜದ ಮರಗಳ ಬೀಜವೂ ತಾಯಿಮರದ ಬುಡದಲ್ಲೇ ಬೀಳುತ್ತದೆ.

ಇದಕ್ಕೆ ಪರಿಹಾರವೆಂದು ಇನ್ನೆಲ್ಲೋ ಅಕೇಶಿಯ ನೆಡುವುದನ್ನು ನಾನು ಒಪ್ಪುವುದಿಲ್ಲ. ಇರುವ ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಕೂಡಲು ಬಿಡಿ, ಅಗಲೀಕರಣ ನಿಲ್ಲಿಸಿ. ಕಾಫಿ ತೋಟದವರು ಮರಗಸಿ (ನೆರಳುಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ಅತ್ತಿ, ಬಸರಿ, ಪೊಟರೆಯಿರುವ ಹಳೆಯ ಮರಗಳನ್ನು ಮುಟ್ಟಬೇಡಿ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಬೇಡಿ. ಎರಡು ತುಂಡುಕಾಡಿನ ನಡುವೆ ನಿಮ್ಮ ತೋಟವಿದ್ದರೆ ಹಕ್ಕಿಗಳಿಗೆ ದಾಟಲು ಇರುವ ದಾರಿ ಅದೊಂದೇ ಆಗಿರಬಹುದು.