ಮೂರೂವರೆ ಟನ್ನಿನೊಳಗೆ ಯುರೋಪ್

ಆಲ್ಪ್ಸ್ ಪರ್ವತಗಳಲ್ಲಿ ಮೌಂಟನ್ ಬೈಕ್ ಓಡಿಸಲು ಯೋಗ್ಯವಾದ ತಿಂಗಳುಗಳೂ ಕೊಡಗಿನಲ್ಲಿ ಅಂಗಳಕ್ಕೆ ಇಳಿಯಲೂ ಯೋಗ್ಯವಲ್ಲದ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ ಎಂಬುದು ತಿಳಿದಾಗ, ಈ ಪ್ರವಾಸಕ್ಕೆ ಪ್ರಕೃತಿಯೇ ರಜೆ ಮಂಜೂರು ಮಾಡಿದೆಯೆಂದು ನನಗೆ ಅನ್ನಿಸಿತು. ಅಲ್ಲಿ ಜೂನ್ ತಿಂಗಳ ಉತ್ತರಾರ್ಧದಲ್ಲಿ ಎತ್ತರದ ಹಿಮ ಕರಗಿ, ಚಳಿಗಾಲವಿಡೀ ಸ್ಕೀ ಆಡುವವರನ್ನು ಹೊತ್ತ ಕೇಬಲ್ ಕಾರುಗಳು ಸೈಕಲ್ಲುಗಳನ್ನು ಹೊರಲು ತೊಡಗುತ್ತವೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಬಹುತೇಕ ನಿಂತುಬಿಡುತ್ತವೆ. ಇಲ್ಲಿಯೋ, ಅದೇ ಅವಧಿಯಲ್ಲಿ ಕಾಫಿ ಗಿಡಗಳು ತಮ್ಮ ಪಾಡಿಗೆ ತಾವು ನೆನೆಯುತ್ತಿರುತ್ತವೆ, ಬೆಳೆಗಾರ ಜಗಲಿಯಲ್ಲಿ ಕುಳಿತು ಕಾಯಿ ಉದುರುವುದರ ಬಗ್ಗೆ ಚಿಂತಿಸುತ್ತಿರುತ್ತಾನೆ. ನವೆಂಬರಿನಿಂದ ಕೊಯ್ಲು, ಒಣಗಿಸುವ ಕೆಲಸ. ಅದು ಮುಗಿಯುವ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಅಥವಾ ಸ್ಪ್ರಿಂಕ್ಲರ್ ಹೂಡುವ ಕೆಲಸ. ಆದ್ದರಿಂದ ಬೆಳೆಗಾರನೊಬ್ಬ ಯುರೋಪಿಗೆ ಹೋಗುವುದಾದರೆ ಮಳೆಗಾಲದಲ್ಲೇ ಹೋಗಬೇಕು. 2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಊರಿನಲ್ಲಿ ಕೆಲವರು ಹೊಸ ಜೀಪು ಕೊಂಡರು, ಕೆಲವರು ಹಳೆಯ ಸಾಲ ತೀರಿಸಿದರು. ನಾನು, ನನ್ನ ಭಾವ ಮತ್ತು ಕುಶಾಲನಗರದ ಒಬ್ಬ ಗೆಳೆಯ ಸೇರಿ ಒಳಗೇ ಮಲಗಬಹುದಾದ ಒಂದು ವ್ಯಾನು ಬಾಡಿಗೆಗೆ ಹಿಡಿದು, ಅದರೊಳಗೆ ಮೂರು ಸೈಕಲ್ಲು ತುಂಬಿ, ಯುರೋಪಿನ ಬೆಟ್ಟಗಳನ್ನು ಇಳಿಯುವುದೆಂದು ನಿಶ್ಚಯಿಸಿದೆವು.

ಮನೆಯಲ್ಲಿ ಮೊದಲ ತಕರಾರು ಹುಟ್ಟಿದ್ದೇ ಈ ಇಳಿಯುವ ವಿಷಯದಲ್ಲಿ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಯ ಎರಡೂ ಕಡೆ ಹನ್ನೆರಡು ಬೆಟ್ಟದೂರುಗಳು ಪೋರ್ತ್ ದ್ಯು ಸೊಲೇ ಎಂಬ ಹೆಸರಿನಲ್ಲಿ ಒಟ್ಟುಗೂಡಿವೆ. ಸೈಕಲ್ಲನ್ನು ಲಿಫ್ಟಿಗೆ ಏರಿಸಿ, ಒಂದು ದೇಶದಲ್ಲಿ ತಿಂಡಿ ತಿಂದು ಇನ್ನೊಂದು ದೇಶದಲ್ಲಿ ಊಟ ಮುಗಿಸಿ, ಸಂಜೆಗೆ ಹೊರಟಲ್ಲಿಗೇ ಮರಳಬಹುದು ಎಂದು ನಾನು ನಕ್ಷೆ ಹರಡಿ ವಿವರಿಸಿದೆ. ದೊಡ್ಡಪ್ಪ ಕನ್ನಡಕ ಸರಿಪಡಿಸಿಕೊಂಡು ಕೊನೆಯವರೆಗೂ ಕೇಳಿದರು. "ಹತ್ತಲಿಕ್ಕೆ ಲಿಫ್ಟ್ ಉಂಟು, ಇಳಿಯಲಿಕ್ಕೆ ಇಳಿಜಾರು ಉಂಟು. ಮತ್ತೆ ನೀವು ಅಲ್ಲಿ ಮಾಡುವುದು ಏನು?" ಎಂದರು. ಆ ದಾರಿಗಳನ್ನು ಕಷ್ಟಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ವಿಂಗಡಿಸಿರುತ್ತಾರೆಂದು ಗೆಳೆಯ ವಿಷಯ ಬದಲಿಸಲು ನೋಡಿದ. ಅಡಿಗೆಮನೆಯಿಂದ ಅವ್ವ, ಹಸಿರು ಬಿಟ್ಟು ಬೇರೆ ಬಣ್ಣ ಮುಟ್ಟಿದರೆ ಜೋಕೆ ಎಂದು ಅಲ್ಲಿಂದಲೇ ತೀರ್ಪು ಕೊಟ್ಟರು.

ಹೀಗಿದ್ದರೂ ನಮ್ಮ ಯೋಜನೆಗೆ ಅತಿ ಹೆಚ್ಚು ಉಪಕಾರ ಮಾಡಿದವರು ದೊಡ್ಡಪ್ಪನೇ. ಕೊಡಗಿನ ಹಳೆಯ ಬೆಳೆಗಾರರೆಲ್ಲರಂತೆ ಅವರೂ ಅಂಗಳದ ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ ಅಳೆದು, ಇಂಚು ಮತ್ತು ಸೆಂಟಿನ (ಇಂಚಿನ ನೂರರಲ್ಲೊಂದು ಭಾಗದ) ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುವವರು. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಮತ್ತು ಆ 180 ದಿನವನ್ನು ಅಲ್ಲಿರುವ ಪ್ರತಿಯೊಂದು ದಿನದಿಂದಲೂ ಹಿಂದಕ್ಕೆ ಎಣಿಸಬೇಕು ಎಂಬ ನಿಯಮ ನಮ್ಮ ಮೂವರಲ್ಲಿ ಯಾರ ತಲೆಗೂ ಹತ್ತಿರಲಿಲ್ಲ. ಕಳೆದ ವರ್ಷ ಇದೇ ದಿನಕ್ಕೆ ಎಷ್ಟು ಮಳೆ, ಈ ವರ್ಷ ಎಷ್ಟು ಕೊರತೆ ಎಂದು ಜೀವಮಾನವಿಡೀ ಹಿಂದಕ್ಕೆ ಎಣಿಸಿದ ದೊಡ್ಡಪ್ಪನಿಗೆ ಅದು ಒಂದೇ ಓದಿಗೆ ಅರ್ಥವಾಯಿತು. ಮಳೆಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು, ದೇಶಕ್ಕೊಂದು ಅಂಕಣ ಮಾಡಿ, ಒಳಗೆ ಹೋಗುವ ದಿನವನ್ನೂ ಹೊರಬರುವ ದಿನವನ್ನೂ ಇರುವ ದಿನಗಳೊಂದಿಗೆ ಸೇರಿಸಿಯೇ ಲೆಕ್ಕ ಕೊಟ್ಟರು. ಗೆಳೆಯನಿಗೆ ಸ್ಕಾಟ್ಲೆಂಡಿನ ಆಸೆಯಿತ್ತು. 2003ರ ಕಾನೂನೊಂದರ ಪ್ರಕಾರ ಅಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಸೈಕಲ್ ಸವಾರ ಬಹುಪಾಲು ಗುಡ್ಡಗಾಡಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಓಡಾಡಬಹುದು, ಮೇಲಾಗಿ ವಾಹನವನ್ನು ನಮ್ಮಂತೆಯೇ ಎಡಗಡೆ ಓಡಿಸಬಹುದು. ಆದರೆ ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕಾದ್ದರಿಂದ ದೊಡ್ಡಪ್ಪ ಆ ಅಂಕಣದಲ್ಲಿ ಸೊನ್ನೆ ಬರೆದು ಕೆಳಗೆ ಎರಡು ಗೆರೆ ಹೊಡೆದರು.

ಉಳಿದ ಅಂಕಣಗಳನ್ನು ತುಂಬುವಾಗ ಕಾನೂನೇ ಅಡ್ಡ ಬಂತು. ಆಸ್ಟ್ರಿಯಾದ ಕಾಡಿನೊಳಗೆ ದಾರಿ ಕಂಡಿತೆಂದು ಸೈಕಲ್ ಬಿಡುವಂತಿಲ್ಲ. 1975ರ ಅರಣ್ಯ ಕಾನೂನಿನಂತೆ, ಮಾಲೀಕ ಒಪ್ಪಿ ತೆರೆದ ದಾರಿಗಳಲ್ಲಿ ಮಾತ್ರ ಹೋಗಬೇಕು. ಜರ್ಮನಿಯ ಬಾಡೆನ್ ವ್ಯುರ್ಟೆಂಬೆರ್ಗ್ ರಾಜ್ಯದ ಕಾಡುಗಳಲ್ಲಿ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ, ಅದನ್ನು ಸೈಕಲ್ಲಿಗೆಂದೇ ಬಿಟ್ಟುಕೊಟ್ಟಿರದಿದ್ದರೆ, ಸೈಕಲ್ ಓಡಿಸುವುದು ನಿಷಿದ್ಧ. ಇದನ್ನು ಓದಿದ ಸಂಜೆ ಭಾವ ಟೇಪು ಹಿಡಿದು ನಮ್ಮ ತೋಟದ ದಾರಿಗಳನ್ನೆಲ್ಲ ಅಳೆದು ಬಂದರು. ಆ ನಿಯಮ ಇಲ್ಲಿ ಜಾರಿಯಾದರೆ ನಾವು ಮನೆಯಿಂದ ಗೇಟಿನವರೆಗೂ ಸೈಕಲ್ಲನ್ನು ಹೊತ್ತುಕೊಂಡೇ ಹೋಗಬೇಕು ಎಂಬುದು ಅವರ ವರದಿ. ಇಟಲಿಯ ಫಿನಾಲೆ ಲಿಗುರೆಯಲ್ಲಿ ಅಂಥ ತೊಡಕು ಕಡಿಮೆ, ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿರುವ ಹಳೆಯ ನೇಟೋ ಸೇನಾನೆಲೆಯವರೆಗೆ ವ್ಯಾನಿನಲ್ಲಿ ಹೋಗಿ, ಅಲ್ಲಿಂದ ಕಡಲತೀರದವರೆಗೆ ಇಳಿಯುತ್ತಲೇ ಬರಬಹುದು. ಆದರೆ ಜುಲೈ ಆಗಸ್ಟಿನ ಬಿಸಿಲು ಅಲ್ಲಿ ವಿಪರೀತವಾದ್ದರಿಂದ ಅದನ್ನು ಸೆಪ್ಟೆಂಬರಿಗೆ ತಳ್ಳಿದೆವು. ಮಳೆಯಿಂದ ತಪ್ಪಿಸಿಕೊಂಡು ಹೋಗುವವರು ಬಿಸಿಲಿನ ಬಗ್ಗೆ ದೂರುವುದು ಅವ್ವನಿಗೆ ಸಹನೆಯಾಗಲಿಲ್ಲ, ಮತ್ತು ಈ ವಿಷಯದಲ್ಲಿ ನಾನು ಅವ್ವನ ಪಕ್ಷ.

ಬೆಟ್ಟಗಳ ಮಾತು ಇಷ್ಟಕ್ಕೇ ಮುಗಿಯಿತು. ಅಲ್ಲಿಂದಾಚೆಗೆ ನಡೆದ ಚರ್ಚೆಯೆಲ್ಲ ವ್ಯಾನಿನದೇ. ಇಂಥ ಮನೆವ್ಯಾನುಗಳು ಸಾಮಾನ್ಯವಾಗಿ ಜನ, ನೀರು, ಸರಕು ಎಲ್ಲ ಸೇರಿ 3,500 ಕಿಲೋ ಮೀರುವಂತಿಲ್ಲ. ಖಾಲಿ ವ್ಯಾನೇ ಮೂರು ಟನ್ನಿನ ಹತ್ತಿರ ತೂಗುತ್ತದೆ, ನೂರು ಲೀಟರ್ ನೀರು ತುಂಬಿದರೆ ಇನ್ನೂ ನೂರು ಕಿಲೋ. ಉಳಿದುದರಲ್ಲಿ ಮೂವರು ಮನುಷ್ಯರು, ಮೂರು ಸೈಕಲ್ಲು ಮತ್ತು ಅವ್ವನ ಪಟ್ಟಿ ಹಿಡಿಯಬೇಕು. ಸೈಕಲ್ಲುಗಳನ್ನು ವ್ಯಾನಿನ ಹಿಂಬದಿಗೆ ಕಟ್ಟಿದರೆ ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಐವತ್ತು ಸೆಂಟಿಮೀಟರ್ ಚೌಕದ ಕೆಂಪು ಬಿಳಿ ಪಟ್ಟಿಯ ಫಲಕ ತೂಗುಹಾಕಬೇಕು. ಮೇಲೆ ಕಟ್ಟಿದರೆ ಪಾರ್ಕಿಂಗ್ ಜಾಗಗಳ ಎತ್ತರದ ಅಡ್ಡಗಂಬಿಗೆ ಸೈಕಲ್ಲನ್ನು ಬಲಿ ಕೊಡಬೇಕು. ಒಳಗೆ ಇಟ್ಟರೆ ನಾವು ಹೊರಗೆ ಮಲಗಬೇಕು. ಗ್ಯಾಸ್ ಸಿಲಿಂಡರಿನ ಬಾಯಿ ದೇಶದಿಂದ ದೇಶಕ್ಕೆ ಬೇರೆ. ಕಕ್ಕಸಿನದು ಎಳೆದು ತೆಗೆಯುವ ಪೆಟ್ಟಿಗೆ, ಅದನ್ನು ನಿಗದಿಯಾದ ಜಾಗಕ್ಕೆ ಕೊಂಡುಹೋಗಿ ನಾವೇ ಖಾಲಿ ಮಾಡಬೇಕು. "ಲಕ್ಷಗಟ್ಟಲೆ ಖರ್ಚು ಮಾಡಿ ಅಷ್ಟು ದೂರ ಹೋಗುವುದು ಇದಕ್ಕಾ?" ಎಂಬ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹೊಳೆಯದೆ, ಸರದಿಯ ಪಟ್ಟಿಯನ್ನು ಮಾತ್ರ ಸಿದ್ಧಪಡಿಸಿದೆವು. ಅದರಲ್ಲಿ ಗೆಳೆಯನ ಹೆಸರು ಹೆಚ್ಚು ಸಲ ಬಂದಿರುವುದಕ್ಕೆ, ಅಂದು ಅವನು ಕುಶಾಲನಗರದಿಂದ ಬಂದಿರಲಿಲ್ಲ ಎಂಬುದಷ್ಟೇ ಕಾರಣ.

ವ್ಯಾನು ಓಡಿಸುವ ಹೊಣೆ ಭಾವನದು. ಸಂಪಾಜೆ ಘಾಟಿಯಲ್ಲಿ ಮಂಜಿನೊಳಗೆ ಲಾರಿ ಇಳಿಸಿದವರಿಗೆ, ಇಟಲಿಯ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಕಣಿವೆದಾರಿಯ ಒಂದು ಮಗ್ಗುಲಿನಲ್ಲೇ 48 ಹಿಮ್ಮುರಿ ತಿರುವುಗಳಿವೆ ಎಂದು ಹೇಳಿದರೂ, ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳು 1,748 ಮೀಟರಿಗೇ ಮುಗಿಯುತ್ತದೆ ಎಂದು ಎಚ್ಚರಿಸಿದರೂ, ಹುಬ್ಬು ಅಲುಗಲಿಲ್ಲ. ಅವರಿಗಿದ್ದ ಅಳುಕು ರಸ್ತೆಯ ಬಲಗಡೆ ಓಡಿಸುವುದರ ಬಗ್ಗೆ ಮಾತ್ರ. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೈಗೆ ಬಂದ ಮೇಲೆ ಅವರು ದಿನವೂ ತೋಟದ ದಾರಿಯಲ್ಲಿ ಜೀಪನ್ನು ಬಲಗಡೆ ಓಡಿಸಿ ಅಭ್ಯಾಸ ಮಾಡತೊಡಗಿದರು. ಆ ದಾರಿಯ ಅಗಲ ಒಂದು ಜೀಪಿನಷ್ಟೇ ಇರುವುದರಿಂದ ಅವರು ಅಷ್ಟು ದಿನವೂ ಎಡಗಡೆಯೂ ಓಡಿಸುತ್ತಿದ್ದರು ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ.

ಅವ್ವನ ಪಟ್ಟಿಯ ಮೊದಲ ಹೆಸರು ಹಂದಿಯ ಉಪ್ಪಿನಕಾಯಿ, ಎರಡನೆಯದು ತುಪ್ಪ. ನಮ್ಮಂಥ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸದ ಪದಾರ್ಥವನ್ನಾಗಲೀ ಹಾಲಿನ ಪದಾರ್ಥವನ್ನಾಗಲೀ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಹಂದಿಜ್ವರ, ಕಾಲುಬಾಯಿ ಜ್ವರದಂಥ ರೋಗಗಳ ಭಯ ಅವರಿಗೆ. ಜೇನನ್ನು ಮಾತ್ರ ತಲೆಗೆ ಎರಡು ಕಿಲೋವರೆಗೆ ಒಯ್ಯಬಹುದು. "ನಮ್ಮ ಹಂದಿ ಅವರಿಗೆ ಏನು ಮಾಡಿತು? ನಾನು ಕೈಯಾರೆ ಹುರಿದದ್ದು, ಒಂದು ಹುಳಕ್ಕೂ ಅದರಲ್ಲಿ ಜೀವ ಉಳಿಯುವುದಿಲ್ಲ," ಎಂದು ಅವ್ವ ವಾದಿಸಿದರು. ಆ ಉಪ್ಪಿನಕಾಯಿಗೆ ಬೀಳುವ ಕಾಚಂಪುಳಿಯ, ಅಂದರೆ ನಮ್ಮ ಕಡೆಯ ಕಪ್ಪು ಹುಳಿಯ, ಪ್ರಮಾಣ ಬಲ್ಲ ನಾನು ಆ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ.

ಸೈಕಲ್ಲನ್ನು ವಿಮಾನಕ್ಕೆ ಹಾಕಬೇಕಾದರೆ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚಕ್ರ ಕಳಚಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಕು. ಇದರ ಪೂರ್ವಾಭ್ಯಾಸ ಕಾಫಿ ಒಣಗಿಸುವ ಕಣದಲ್ಲಿ ನಡೆಯಿತು. ಬಲಗಡೆಯ ಪೆಡಲ್ ಒಂದೇ ಎಳೆತಕ್ಕೆ ಬಂತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಿ ಹೆಸರಾದ ಭಾವ ಸ್ಪ್ಯಾನರಿಗೆ ಮೈಭಾರ ಹಾಕಿದರು, ಕೀಲಿಗೆ ಸೀಮೆಎಣ್ಣೆ ಬಿಟ್ಟರು, ಕೊನೆಗೆ ನೀರಿನ ಪೈಪಿನ ತುಂಡೊಂದನ್ನು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿ ಎಳೆದರು. ಸ್ಪ್ಯಾನರ್ ಜಾರಿ, ಮುಂಗೈ ಹೋಗಿ ಚೈನಿನ ಹಲ್ಲುಚಕ್ರಕ್ಕೆ ಬಡಿದು, ಸಮಾನ ಅಂತರದಲ್ಲಿ ನಾಲ್ಕು ರಕ್ತದ ಚುಕ್ಕೆಗಳು ಮೂಡಿದವು. ಆ ಹೊತ್ತಿಗೆ ತೋಟದ ಕೆಲಸಗಾರರಿರುವ ಲೈನ್ ಮನೆಯ ಕಡೆಯಿಂದ, ಹೆಗಲಿಗೆ ವೀಡ್ ಕಟರ್ ಹಾಕಿಕೊಂಡು ಕಳೆ ಹೊಡೆಯಲು ಹೊರಟಿದ್ದ ನಮ್ಮ ಕೆಲಸದಾತ ಅಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. "ಅಣ್ಣ, ಈ ಕಟರಿನ ಬ್ಲೇಡಿನ ನಟ್ಟಿನ ಹಾಗೆ ಅದೂ ಉಲ್ಟಾ ತಿರುಗುವುದಾ ನೋಡಿ," ಎಂದವನು, ಯಂತ್ರವನ್ನು ಇಳಿಸದೆಯೇ ಬಗ್ಗಿ, ಸ್ಪ್ಯಾನರನ್ನು ಎದುರು ದಿಕ್ಕಿಗೆ ತಿರುಗಿಸಿ ಒಂದು ಪೆಟ್ಟು ಕೊಟ್ಟ. ಪೆಡಲ್ ಸಡಿಲವಾಯಿತು. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳದಿರಲೆಂದು ಸೈಕಲ್ಲಿನ ಎಡ ಪೆಡಲಿಗೆ ಎಲ್ಲೆಡೆಯೂ ತಿರುವುಮುರುವಾಗಿ ತಿರುಪಿನ ಗೆರೆ ಕೊರೆದಿರುತ್ತಾರೆ. ಅಷ್ಟು ಹೊತ್ತೂ ಭಾವ ಅದನ್ನು ಅತ್ಯಂತ ಶ್ರದ್ಧೆಯಿಂದ ಬಿಗಿಗೊಳಿಸುತ್ತಿದ್ದರು.

ಅದೇ ಗದ್ದಲದಲ್ಲಿ, ಚಕ್ರ ಕಳಚಿದ್ದ ಸೈಕಲ್ಲಿನ ಬ್ರೇಕನ್ನು ಅಕ್ಕನ ಮಗ ಒತ್ತಿಬಿಟ್ಟ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕಿನಲ್ಲಿ, ನಡುವೆ ತಟ್ಟೆ ಇಲ್ಲದಾಗ ಒತ್ತಿದರೆ ಎರಡೂ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನ್ನು ನಾಜೂಕಾಗಿ ಬಿಡಿಸಿ, ಮತ್ತೆ ಕೂಡಿಕೊಳ್ಳದಂತೆ ನಡುವೆ ಏನಾದರೂ ಗಟ್ಟಿ ರಟ್ಟು ಇಡಬೇಕಿತ್ತು. ಹುಡುಗ ಓಡಿಹೋಗಿ ಮನೆಯಿಂದ ಒಂದು ಮದುವೆಯ ಕರೆಯೋಲೆ ತಂದ. ಎರಡು ಮಡಿಕೆ ಮಾಡಿದಾಗ ಅದು ಅಲ್ಲಿಗೆಂದೇ ಮಾಡಿಸಿದಂತೆ ಕುಳಿತಿತು. ಆ ಮದುವೆ ಇನ್ನೂ ಆಗಿಲ್ಲ. ಮುಹೂರ್ತ ಎಷ್ಟು ಗಂಟೆಗೆಂದು ಅವ್ವ ಮನೆಯೆಲ್ಲ ಹುಡುಕುತ್ತಿದ್ದಾಗ, ಅದು ಪೆಟ್ಟಿಗೆಯೊಳಗೆ ಬ್ರೇಕಿನ ಬಾಯಲ್ಲಿದೆ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಪೆಟ್ಟಿಗೆಯನ್ನು ಕಾಫಿ ಮೂಟೆಯ ತಕ್ಕಡಿಯ ಮೇಲೆ ಏರಿಸಿದಾಗ ವಿಮಾನದವರು ಸಾಮಾನ್ಯವಾಗಿ ಒಪ್ಪುವ 23 ಕಿಲೋ ದಾಟಿತ್ತು. ಬಿಚ್ಚಿ ನೋಡಿದರೆ ಹೆಲ್ಮೆಟ್ಟಿನೊಳಗೆ ಕಾಳುಮೆಣಸು, ಮೊಣಕಾಲಿನ ಕವಚದೊಳಗೆ ಕಡಂಬುಟ್ಟು ಎಂಬ ಕಡುಬಿಗೆ ಅಕ್ಕಿತರಿ.

ಈಗ ಉಳಿದಿರುವುದು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಒಯ್ಯುವ ಫೈಲು. ಹೆಚ್ಚು ದಿನ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕಾದ್ದರಿಂದ, ದೊಡ್ಡಪ್ಪನ ಅಂಕಣಗಳ ಪ್ರಕಾರ ಅದು ಇಟಲಿ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದೂ ಅದೇ ದೇಶ. ಬೀಜ ಹೋಗುವಾಗ ಕೇಳದ ಇಷ್ಟು ಪ್ರಶ್ನೆಗಳನ್ನು ಬೆಳೆದವನು ಹೋಗುವಾಗ ಕೇಳುವುದು ಯಾವ ನ್ಯಾಯ ಎಂಬುದು ಅವರ ಆಕ್ಷೇಪ. ಕನಿಷ್ಠ 30,000 ಯೂರೋ ವಿಮೆ ಬೇಕು, ಅದು ಸಿಕ್ಕಿತು. ಬೆಟ್ಟದಲ್ಲಿ ಸೈಕಲ್ ಬಿದ್ದರೆ ಅನ್ವಯಿಸುತ್ತದೆಯೇ ಎಂಬುದನ್ನು ಓದಲು ಭೂತಗನ್ನಡಿ ಬೇಕಾಯಿತು. ತಂಗುವ ವಿಳಾಸ ಎಂಬಲ್ಲಿ ವ್ಯಾನು ಎಂದು ಬರೆದರೆ ನಡೆಯದೆಂದು ಹಲವು ಕ್ಯಾಂಪ್‌ಸೈಟುಗಳಲ್ಲಿ ಜಾಗ ಕಾದಿರಿಸಿದ್ದೇವೆ. ಮರಳಿ ಬರುವುದಕ್ಕೆ ಸಾಕ್ಷಿಯಾಗಿ ತೋಟದ ಪಹಣಿ ಲಗತ್ತಿಸಬೇಕು. ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಪಟ್ಟೇದಾರನೆಂದು, ಅಂದರೆ ಕುಟುಂಬದ ಪರವಾಗಿ ಜಮೀನು ಹೊಂದಿದವನೆಂದು, ಇಂದಿಗೂ ಇರುವುದು, ಈ ಭಾಗದ ಅನೇಕ ಮನೆಗಳಲ್ಲಿರುವಂತೆ, ಮುತ್ತಜ್ಜನ ಹೆಸರು. ಆದ್ದರಿಂದ ಮುತ್ತಜ್ಜನಿಂದ ನನ್ನವರೆಗೆ ಬರುವ ವಂಶವೃಕ್ಷವನ್ನೂ, ಅದರ ಇಂಗ್ಲಿಷ್ ಅನುವಾದವನ್ನೂ, ಎರಡಕ್ಕೂ ನೋಟರಿಯ ಮುದ್ರೆಯನ್ನೂ ದೊಡ್ಡಪ್ಪ ಸಿದ್ಧಪಡಿಸಿಕೊಟ್ಟಿದ್ದಾರೆ. ನಿನ್ನೆ ರಾತ್ರಿ ಫೈಲನ್ನು ಕೊನೆಯದಾಗಿ ತಿರುವಿ ನೋಡಿದವರು, ಮುಖಪತ್ರದಲ್ಲಿ ಇನ್ನೊಂದು ಸಾಲು ಸೇರಿಸಬೇಕೆಂದರು: "ಮುತ್ತಜ್ಜ ಈ ಪ್ರಯಾಣದಲ್ಲಿ ಇಲ್ಲ ಎಂದು ಬರೆ. ಆಮೇಲೆ ಅವರ ಪಾಸ್‌ಪೋರ್ಟ್ ಕೇಳಿಯಾರು."

ಬರೆದಿದ್ದೇನೆ.