ವೈರ್‌ಲೆಸ್ ಲ್ಯಾಬಿಗೆ ಅರ್ಜಿ: ಮೂರು ಪ್ರತಿ, ಅಂಚೆ ಮೂಲಕ ಮಾತ್ರ

5ಜಿ ನಂತರ ಬರಲಿರುವ ಮೊಬೈಲ್ ತಂತ್ರಜ್ಞಾನವಾದ 6ಜಿ ವಿಷಯದಲ್ಲಿ ಭಾರತ ಯಾರ ಹಿಂದೆಯೂ ನಿಲ್ಲಬಾರದು ಅಂತ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ದರ್ಶನ ಪತ್ರ ಹೊರತಂದಿತು. ಗಡುವು 2030. ಗಡುವು ಇದ್ದ ಮೇಲೆ ಸಂಶೋಧಕರು ಬೇಕು, ಸಂಶೋಧಕರು ಬೇಕು ಅಂದ ಮೇಲೆ ಪ್ರಕಟಣೆ ಬೇಕು. ನಮ್ಮ ಒಂದು ವಿಶ್ವವಿದ್ಯಾಲಯವೂ ವೈರ್‌ಲೆಸ್ ನೆಟ್‌ವರ್ಕಿಂಗ್ ಗುಂಪಿಗೆ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕರೆಯಿತು. ಯಾವುದು ಅಂತ ಹೇಳೋದು ಬೇಡ. ಪಿಎಚ್‌ಡಿಗೆ ಅರ್ಜಿ ಹಾಕಿದವರೆಲ್ಲ ತಮ್ಮದೇ ಅಂದುಕೊಳ್ಳುತ್ತಾರೆ.

ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದಾರೆ. ಆಮೇಲೆ ಪ್ರಿಂಟ್ ತೆಗೆದಿದ್ದಾರೆ. ಕುಲಸಚಿವರ ಸಹಿ ಹಾಕಿಸಿ, ಸೀಲು ಒತ್ತಿಸಿ, ಸ್ವಲ್ಪ ಸೊಟ್ಟಗೆ ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೇ ಏರಿಸಿದ್ದಾರೆ. ಹಾಗಾಗಿ ‘ಇಲ್ಲಿ ಕ್ಲಿಕ್ ಮಾಡಿ’ ಅನ್ನೋದು ಬರೀ ಚಿತ್ರ. ನೀಲಿ ಬಣ್ಣ ಇದೆ, ಕೆಳಗೆ ಗೆರೆ ಇದೆ, ಎಷ್ಟು ಒತ್ತಿದರೂ ಮಿಸುಕಾಡಲ್ಲ. ಆ ಉದ್ದನೆಯ ವಿಳಾಸವನ್ನು ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡಬೇಕು. ಮಸುಕಾದ ಕಡೆ ಅದು ಸೊನ್ನೆಯೋ, ‘ಓ’ ಅಕ್ಷರವೋ, ಅಭ್ಯರ್ಥಿಯ ಅದೃಷ್ಟ. ಸಂಕೇತದಲ್ಲಿ ಗದ್ದಲ ಬೆರೆತರೆ ಸಂದೇಶ ಬಿಡಿಸೋದು ಹೇಗೆ ಅನ್ನೋ ಪಾಠ ಇಲ್ಲಿಂದಲೇ ಶುರು ಅಂತ ಕಾಣುತ್ತೆ.

ಆನ್‌ಲೈನ್ ಅರ್ಜಿ ತುಂಬಿದರೆ ಮುಗೀತು ಅಂದುಕೋಬೇಡಿ. ಅದರ ಪ್ರಿಂಟ್ ತೆಗೆದು, ಮೂರು ಪ್ರತಿ ಮಾಡಿ, ಡಿಡಿ ಲಗತ್ತಿಸಿ, ರಿಜಿಸ್ಟರ್ಡ್ ಪೋಸ್ಟ್ ಮೂಲಕವೇ ಕಳಿಸತಕ್ಕದ್ದು. ಅಂಚೆ ಇಲಾಖೆ 2025ರಲ್ಲೇ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿತು. ಆ ಸುದ್ದಿ ವೈರ್‌ಲೆಸ್ ವಿಭಾಗಕ್ಕೆ ಇನ್ನೂ ತಲುಪಿಲ್ಲ. ಹಾವೇರಿ ಕಡೆಯ ಹುಡುಗಿಯೊಬ್ಬಳು ಸ್ಪೀಡ್ ಪೋಸ್ಟ್ ಮಾಡಿ, ಅನುಮಾನ ಬಂದು, ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದಳು.

‘ರಿಜಿಸ್ಟರ್ಡ್ ಅಂತ ಬರೆದಿದೆ ಅಲ್ವೇನಮ್ಮಾ?’

‘ಸಾರ್, ಅದು ಈಗ ಇಲ್ಲ.’

‘ಇಲ್ಲದೇ ಇದ್ರೆ ನಾವು ಯಾಕಮ್ಮಾ ಬರೀತಿದ್ವಿ?’

6ಜಿಯಲ್ಲಿ ಸಂದೇಶ ಒಂದು ಮಿಲಿಸೆಕೆಂಡಿಗಿಂತ ಬೇಗ ತಲುಪಬೇಕು ಅನ್ನೋದು ಗುರಿ. ಅವಳ ಅರ್ಜಿ ಹಾವೇರಿಯಿಂದ ಟಪಾಲು ಶಾಖೆಗೆ ಎರಡೇ ದಿನದಲ್ಲಿ ಬಂತು. ಟಪಾಲು ಶಾಖೆಯಿಂದ ಮೇಲಿನ ಮಹಡಿಯ ವಿಭಾಗಕ್ಕೆ ಹೋಗೋಕೆ ಹನ್ನೊಂದು ದಿನ ಹಿಡಿಯಿತು.

ಅರ್ಹತೆಯ ಪಟ್ಟಿಗೆ ಬರೋಣ. ಎಂಟೆಕ್ ಆಗಿರಬೇಕು, ಗೇಟ್ ಪರೀಕ್ಷೆಯ ಅಂಕ ಇರಬೇಕು. ಮ್ಯಾಟ್‌ಲ್ಯಾಬ್, ಪೈಥಾನ್, ನೆಟ್‌ವರ್ಕನ್ನು ಕಂಪ್ಯೂಟರಿನೊಳಗೇ ಅನುಕರಿಸುವ ಎನ್‌ಎಸ್-3, ಮಷಿನ್ ಲರ್ನಿಂಗ್ ಎಲ್ಲ ಗೊತ್ತಿರಬೇಕು. ಒಳ್ಳೆಯ ಜರ್ನಲ್‌ನಲ್ಲಿ ಪ್ರಬಂಧ ಬಂದಿದ್ದರೆ ಆದ್ಯತೆ. ಅಂದರೆ ಪಿಎಚ್‌ಡಿಯಲ್ಲಿ ಕಲಿಯೋದನ್ನೆಲ್ಲ ಮೊದಲೇ ಕಲಿತು ಬಂದವರಿಗೆ ಪಿಎಚ್‌ಡಿ ಕಲಿಸುತ್ತಾರೆ. ಇಷ್ಟೆಲ್ಲ ಬಲ್ಲ ಹುಡುಗ ಬೆಂಗಳೂರಿನ ಯಾವುದಾದರೂ ಟೆಲಿಕಾಂ ಕಂಪನಿಯ ಬಾಗಿಲು ತಟ್ಟಿದರೆ ಒಳಗೆ ಕೂರಿಸಿ ಕಾಫಿ ಕೊಡುತ್ತಾರೆ. ಇಲ್ಲಿ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಈ ದರ 2023ರ ಜನವರಿಯಿಂದ ಇದೆ. ಕಮ್ಮಿ ಅಂತ ನಾನು ಹೇಳಲ್ಲ. ತಿಂಗಳಿಗೆ ಅಂತ ಇರೋದು ತಿಂಗಳಿಗೇ ಬಂದರೆ ಚೆನ್ನಾಗಿತ್ತು. ಅದು ಅನುದಾನದ ಕಂತು, ಬಳಕೆ ಪ್ರಮಾಣಪತ್ರ, ಹಣಕಾಸು ಅಧಿಕಾರಿಯ ರಜೆ ಇವನ್ನೆಲ್ಲ ದಾಟಿ ಬರಬೇಕು.

ಲ್ಯಾಬಿನಲ್ಲಿ ಸಾಫ್ಟ್‌ವೇರ್ ರೇಡಿಯೋ ಇದೆ, ಅಂದರೆ ನಿಜವಾದ ಸಿಗ್ನಲ್ ಕಳಿಸಿ ಪ್ರಯೋಗ ಮಾಡೋ ಯಂತ್ರ. ವಿದೇಶದಿಂದ ತರಿಸಿದ್ದು, ದುಬಾರಿ. ಬೀರುವಿನಲ್ಲಿದೆ. ಬೀಗದ ಕೈ ವಿಭಾಗದ ಮುಖ್ಯಸ್ಥರ ಹತ್ತಿರ ಇದೆ. ಹೊರಗೆ ತೆಗೆದರೆ ಕೆಡಬಹುದು, ಕೆಟ್ಟರೆ ಸ್ಟಾಕ್ ರಿಜಿಸ್ಟರಿನಲ್ಲಿ ಯಾರ ಹೆಸರು ಬರೆಯೋದು? ಅದಕ್ಕೇ ಎಲ್ಲರೂ ಎನ್‌ಎಸ್-3ರಲ್ಲಿ ಸಿಮ್ಯುಲೇಶನ್ ಮಾಡುತ್ತಾರೆ. ಪುಕ್ಕಟೆ ಸಾಫ್ಟ್‌ವೇರು, ಗೋಡೆ ಬೇಡ ಅಂದರೆ ಗೋಡೆ ಇಲ್ಲ, ಮಳೆ ಬೇಡ ಅಂದರೆ ಮಳೆ ಇಲ್ಲ. ಫಲಿತಾಂಶ ಯಾವಾಗಲೂ ಚೆಂದ. ಕ್ಯಾಂಪಸ್ಸಿನ ವೈಫೈ ಮಾತ್ರ ಆ ಲ್ಯಾಬಿನ ಬಾಗಿಲವರೆಗೆ ಬಂದು ನಿಲ್ಲುತ್ತೆ. ಮೊನ್ನೆ ಅಲ್ಲಿನ ಹುಡುಗನೊಬ್ಬ ‘ಕಟ್ಟಡದೊಳಗೆ ಸಿಗ್ನಲ್ ಹಂಚಿಕೆಯ ಸುಧಾರಣೆ’ ಅನ್ನೋ ಪ್ರಬಂಧ ಅಪ್‌ಲೋಡ್ ಮಾಡೋಕೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕಿಟಕಿ ಪಕ್ಕ ನಿಂತಿದ್ದ. ಗೈಡ್ ಮನೆಯ ರೂಟರ್ ಸರಿ ಮಾಡೋದು ಅವನ ಫೀಲ್ಡ್ ವರ್ಕ್. ಉಳಿದ ಹೊತ್ತು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡೋ ನ್ಯಾಕ್‌ಗೆ ಫೈಲು.

ಕೊನೆಗೆ ಸಂದರ್ಶನ. ಟಿಎ, ಡಿಎ ಕೊಡಲಾಗುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅಂದಿದ್ದರು, ಹಾವೇರಿಯ ಹುಡುಗಿಯನ್ನು ಒಳಗೆ ಕರೆದಾಗ ನಾಲ್ಕು ಗಂಟೆ. ಮೊದಲ ಪ್ರಶ್ನೆ, ‘ಮದುವೆ ಯೋಚನೆ ಏನಾದ್ರೂ ಇದೆಯೇನಮ್ಮಾ? ಮಧ್ಯದಲ್ಲಿ ಬಿಟ್ಟು ಹೋಗ್ಬಾರ್ದು ನೋಡು.’ ಅವಳು ಮಿಲಿಮೀಟರ್ ಅಲೆಗಳ, ಅಂದರೆ ಕೆಲವೇ ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳ ಬಗ್ಗೆ ತಯಾರಾಗಿ ಬಂದಿದ್ದಳು. ಅದನ್ನು ಯಾರೂ ಕೇಳಲಿಲ್ಲ. ‘ನೀನೇನಾದ್ರೂ ಕೇಳೋದಿದ್ಯಾ?’ ಅಂದಾಗ, ಫೆಲೋಶಿಪ್ ಸರಿಯಾಗಿ ಬರುತ್ತಾ ಸಾರ್ ಅಂದಳು.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಜಗದೀಶಚಂದ್ರ ಬೋಸರ ಹೆಸರು ಕೇಳಿದ್ದೀಯಾ? ಮಿಲಿಮೀಟರ್ ಅಲೆ ಅಂತ ಇವತ್ತು 5ಜಿಯವರು ಕುಣಿತಾರಲ್ಲ, ಅದನ್ನ ಅವರು ಹತ್ತೊಂಬತ್ತನೇ ಶತಮಾನದಲ್ಲೇ ಹುಟ್ಟಿಸಿ ತೋರಿಸಿದ್ರು. ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಲ್ಲಿ ಮೂರು ವರ್ಷ ಸಂಬಳ ಇಲ್ದೆ ಪಾಠ ಮಾಡಿದ್ರು ಗೊತ್ತಾ? ಮೂರು ವರ್ಷ! ಈಗಿನ ಮಕ್ಕಳಿಗೆ ಮೂರು ತಿಂಗಳು ತಡೆಯಲ್ಲ.’

ಸಮಿತಿಯವರೆಲ್ಲ ತಲೆಯಾಡಿಸಿದರು.

‘ಸಾರ್, ಅವರಿಗೆ ಸಂಬಳ ಕೊಡ್ತಿದ್ರು. ಯುರೋಪಿನವರಿಗಿಂತ ಕಮ್ಮಿ ಕೊಡ್ತೀರಿ ಅಂತ ಅವರೇ ಪ್ರತಿಭಟನೆಗೆ ತಗೊಂಡಿರ್ಲಿಲ್ಲ’ ಅಂದಳು ಹುಡುಗಿ. ‘ಕೊನೆಗೆ ಸರ್ಕಾರ ಸೋತು, ಮೂರು ವರ್ಷದ ಬಾಕಿನೂ ಪೂರ್ತಿ ಕೊಡ್ತು ಅಲ್ವಾ ಸಾರ್?’

ನಡಾವಳಿಯಲ್ಲಿ ಹೀಗಿದೆ: ‘ಅಭ್ಯರ್ಥಿಯ ವಿಷಯ ಜ್ಞಾನ ಸಾಲದು. ಸೂಕ್ತ ಅಭ್ಯರ್ಥಿಗಳು ಲಭ್ಯವಿಲ್ಲದ ಕಾರಣ ಎಲ್ಲ ಸ್ಥಾನಗಳನ್ನು ಖಾಲಿ ಉಳಿಸಲಾಗಿದೆ.’